ಕಾಫಿ ಕುಯ್ಲು, ಮಕ್ಕಳು, ಮನೆ ಕೆಲಸದ ನಡುವೆ ಎಸ್ಸೆಸ್ಸೆಲ್ಸಿ ಬರೆಯೋದು ಹೇಗೆ?

ಪ್ರಶ್ನೆ: ಮೇಡಂ, ನನಗೆ ಈಗ 32 ವರ್ಷ. ಕೊಡಗಿನ ಸಿದ್ದಾಪುರದ ಹತ್ರ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ (ಕೆಲಸದವರ ಸಾಲು ಮನೆ) ಇದ್ದೇವೆ, ಇಬ್ರೂ ತೋಟದ ಕೆಲಸಕ್ಕೇ ಹೋಗೋದು. 9ನೇ ಕ್ಲಾಸ್ ಅರ್ಧದಲ್ಲಿ ಬಿಟ್ಟವಳು ನಾನು, ಆಗ ಅಪ್ಪನಿಗೆ ಹುಷಾರಿರಲಿಲ್ಲ. ಈಗ ನಮ್ಮ ಕಡೆ ಅಂಗನವಾಡಿ ಸಹಾಯಕಿ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಬೇಕು ಅಂತಾರೆ. ಸ್ಕೂಲಿಗೆ ಹೋಗದೇ ಬರೀಬಹುದಾ? ಲೆಕ್ಕ ಅಂದ್ರೆ ಮೊದಲಿಂದಲೂ ಭಯ, ಹಿಂದಿ ಪೂರ್ತಿ ಮರೆತು ಹೋಗಿದೆ. ಮನೆಯವರು ಈ ವಯಸ್ಸಲ್ಲಿ ಎಂತಕ್ಕೆ ಅಂತಾರೆ. ಮಗಳು 7ನೇ ಕ್ಲಾಸ್, ಮಗ 3ನೇ ಕ್ಲಾಸ್. ಓದೋಕೆ ಟೈಮ್ ಸಿಗೋದೇ ರಾತ್ರಿ. ಎಲ್ಲಿಂದ ಶುರು ಮಾಡ್ಲಿ?

ಉತ್ತರ:

ಬರೀಬಹುದು ತಂಗಿ, ಖಂಡಿತ ಬರೀಬಹುದು. ನಾನು ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವಳು, ಈಗ ಖಾಸಗಿಯಾಗಿ ಕಟ್ಟೋರಿಗೆ ಪಾಠ ಹೇಳ್ತೀನಿ, ಅವರಲ್ಲಿ ಹೆಚ್ಚಿನವರು ನಿಮ್ಮ ಹಾಗೇ ಮಕ್ಕಳಿರೋ ಹೆಂಗಸರು. ಹಾಗಾಗಿ ಸುಮ್ನೆ ಧೈರ್ಯ ಹೇಳೋದಕ್ಕಿಂತ ಕೆಲಸಕ್ಕೆ ಬರೋ ಹಾಗೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ವಯಸ್ಸಿನ ವಿಷಯ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲಿ ಅರ್ಜೆಂಟ್ ಇರೋದು ಅದೇ. ಎಸ್ಸೆಸ್ಸೆಲ್ಸಿ ಬರೆಯೋಕೆ ಇಷ್ಟೇ ವಯಸ್ಸಿನ ಒಳಗೆ ಇರ್ಬೇಕು ಅಂತ ಇಲ್ಲ, 50 ದಾಟಿದೋರೂ ಬರೀತಾರೆ. ಆದ್ರೆ ಅಂಗನವಾಡಿ ಸಹಾಯಕಿ ಹುದ್ದೆಗೆ ಉಂಟು, ಸಾಮಾನ್ಯವಾಗಿ 19ರಿಂದ 35 ವರ್ಷ ಅಂತ ಅಧಿಸೂಚನೆಯಲ್ಲಿ ಕೊಡ್ತಾರೆ, ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ, ಸ್ಥಳೀಯರೇ ಆಗಿರಬೇಕು. ಕಾರ್ಯಕರ್ತೆ ಹುದ್ದೆಗಾದ್ರೆ ಪಿಯುಸಿ. ನಿಮಗೆ 32 ಅಂದ್ರೆ ಕೈಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚಿಲ್ಲ, ಅದರಲ್ಲೂ ನಿಮ್ಮ ಊರಿನ ಕೇಂದ್ರದಲ್ಲಿ ಹುದ್ದೆ ಖಾಲಿ ಆಗಿ ಅರ್ಜಿ ಕರೆಯೋ ಹೊತ್ತಿಗೆ ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಇರ್ಬೇಕು. ಅದಕ್ಕೇ "ಮುಂದಿನ ವರ್ಷ ನೋಡೋಣ" ಅನ್ನೋದು ಬೇಡ, ಈ ವರ್ಷವೇ ಶುರು ಮಾಡಿ.

ದಾರಿ ಎರಡು ಉಂಟು. ಒಂದು, ನಮ್ಮ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸೋ ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಕಟ್ಟೋದು. ಇನ್ನೊಂದು ಎನ್‌ಐಒಎಸ್, ಅಂದ್ರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲೆ, 1989ರಲ್ಲಿ ಶುರುವಾಗಿದ್ದು, ನಮಗೆ ಅದರ ಪ್ರಾದೇಶಿಕ ಕೇಂದ್ರ ಇರೋದು ಬೆಂಗಳೂರಲ್ಲಿ. ಇವೆರಡೂ ಬೇರೆ ಬೇರೆ ಥರದ ಪರೀಕ್ಷೆ, ಯಾವುದು ಸುಲಭ ಅಂತ ಎಲ್ರೂ ಕೇಳ್ತಾರೆ, ಆದ್ರೆ ಯಾವುದು ನಿಮ್ಮ ಕೆಲಸದ ಕ್ಯಾಲೆಂಡರ್‌ಗೆ ಹೊಂದುತ್ತೆ ಅಂತ ಕೇಳ್ಬೇಕು, ಕೊಡಗಿನಲ್ಲಂತೂ ಅದನ್ನೇ ಮೊದಲು ಕೇಳ್ಬೇಕು.

ಯಾಕೆ ಅಂದ್ರೆ ನಮ್ಮಲ್ಲಿ ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಕುಯ್ಲು ಶುರು, ಅದು ಮುಗಿಯೋಷ್ಟರಲ್ಲಿ ರೊಬಸ್ಟಾ ಕಾಫಿ, ಅದರ ಬೆನ್ನಿಗೇ ಕರಿಮೆಣಸು, ಹೀಗೆ ಮಾರ್ಚ್‌ ತನಕ ಉಸಿರಾಡೋಕೆ ಬಿಡುವಿರಲ್ಲ. ಅದೇ ಟೈಮಲ್ಲಿ ಕೆ.ಜಿ. ಲೆಕ್ಕದಲ್ಲಿ ಕುಯ್ದು ನಾಲ್ಕು ಕಾಸು ಜಾಸ್ತಿ ಮಾಡ್ಕೊಳ್ಳೋದು, ಅದನ್ನ ಬಿಟ್ಟು ಓದಿ ಅಂತ ನಾನು ಹೇಳೋದು ತಪ್ಪಾಗುತ್ತೆ. ಆದ್ರೆ ಎಸ್ಸೆಸ್ಸೆಲ್ಸಿಯ ವರ್ಷದ ಮೊದಲ ಪರೀಕ್ಷೆ (ಪರೀಕ್ಷೆ-1 ಅಂತಾರೆ) ಬರೋದು ಸರಿಯಾಗಿ ಮಾರ್ಚ್-ಏಪ್ರಿಲಲ್ಲಿ. ಬಯಲುಸೀಮೆಯವರು ಬರೆದ ಟೈಮ್‌ಟೇಬಲ್ ನೋಡಿದ್ರೆ "ಜನವರಿಯಿಂದ ದಿನಕ್ಕೆ ಆರು ಗಂಟೆ ಓದಿ" ಅಂತಿರುತ್ತೆ, ಅದು ತೋಟದಲ್ಲಿ ದುಡಿಯೋರಿಗೆ ಆಗೋ ಮಾತಾ? ಆಗಲ್ಲ. ನಮ್ಮೋರು ಮಧ್ಯದಲ್ಲೇ ಕೈಬಿಡೋದು ಬುದ್ಧಿ ಸಾಲದೇ ಅಲ್ಲ, ಆ ಟೈಮ್‌ಟೇಬಲ್ ನಮ್ಮದಲ್ಲ ಅಷ್ಟೇ.

ನಮ್ಮ ಓದು ಮಳೆಗಾಲದಲ್ಲೇ ಆಗ್ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಕವಿದು ಬೇಗ ಕತ್ತಲಾಗುತ್ತೆ, ಹೊರಗೆ ಹೋಗೋ ಹಾಗಿಲ್ಲ, ಜೋರು ಮಳೆ ಹಿಡಿದ್ರೆ ಕೆಲಸವೂ ನಿಲ್ಲುತ್ತೆ. ಆ ನಾಲ್ಕು ತಿಂಗಳಲ್ಲಿ ಹೊಸ ಪಾಠ ಎಲ್ಲಾ ಮುಗಿಸಿಬಿಡಿ, ಅಕ್ಟೋಬರಲ್ಲಿ, ತುಲಾ ಸಂಕ್ರಮಣದ ಆಸುಪಾಸು ಅಂತ ಇಟ್ಕೊಳ್ಳಿ, ಒಂದು ಸಲ ಪೂರ್ತಿ ತಿರುವಿ ಹಾಕಿ, ಕುಯ್ಲು ಶುರುವಾದ ಮೇಲೆ ಹೊಸದು ಏನೂ ಬೇಡ, ದಿನಾ ಅರ್ಧ ಗಂಟೆ ಹಳೇ ಪ್ರಶ್ನೆಪತ್ರಿಕೆ ಬಿಡಿಸೋದು ಮಾತ್ರ. ಕರೆಂಟ್ ನಂಬೋ ಹಾಗಿಲ್ಲ, ಒಂದು ಗಾಳಿಗೆ ಮರ ಬಿದ್ರೆ ದಿನಗಟ್ಟಲೆ ಹೋಯ್ತು, ನೆಟ್‌ವರ್ಕೂ ಅದರ ಜೊತೆ ಹೋಗುತ್ತೆ. ಅದಕ್ಕೆ ಮೇ ತಿಂಗಳಲ್ಲೇ ಪಠ್ಯಪುಸ್ತಕದ ಪಿಡಿಎಫ್, ಹಳೇ ಪ್ರಶ್ನೆಪತ್ರಿಕೆ ಎಲ್ಲಾ ಮೊಬೈಲಿಗೆ ಇಳಿಸ್ಕೊಳ್ಳಿ (ಪಠ್ಯಪುಸ್ತಕ ಸಂಘದ ಸೈಟಲ್ಲೂ ಮಂಡಳಿಯ ಸೈಟಲ್ಲೂ ದುಡ್ಡು ಕೊಡದೇ ಸಿಗುತ್ತೆ), ಒಂದು ಚಾರ್ಜ್ ಆಗೋ ಲೈಟ್ ಇಟ್ಕೊಳ್ಳಿ, ಮತ್ತೆ ಸಾಧ್ಯ ಆದ್ರೆ ಕಾಗದದ ಪುಸ್ತಕವೇ ತಗೊಳ್ಳಿ. 10ನೇ ಕ್ಲಾಸ್ ಮುಗಿಸಿದ ಮಕ್ಕಳ ಮನೆಯಲ್ಲಿ ಕೇಳಿದ್ರೆ ಕೊಡ್ತಾರೆ.

ಈಗ ಎರಡರಲ್ಲಿ ಯಾವುದು ಅಂತ. ಎನ್‌ಐಒಎಸ್‌ನಲ್ಲಿ ಒಳ್ಳೇ ಅನುಕೂಲಗಳು ಉಂಟು. ಐದು ವಿಷಯ ಸಾಕು, ಅದರಲ್ಲಿ ಒಂದಾದ್ರೂ ಭಾಷೆ ಇರ್ಬೇಕು, ಗಣಿತ ಕಡ್ಡಾಯ ಇಲ್ಲ, ಬದಲಿಗೆ ಗೃಹ ವಿಜ್ಞಾನ, ಅರ್ಥಶಾಸ್ತ್ರ ಥರದ್ದು ತಗೊಳ್ಳಬಹುದು. ಶೇಕಡಾ 33 ಬಂದ್ರೆ ಪಾಸ್. ಒಮ್ಮೆ ಸೇರಿದ್ರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ, ಐದನ್ನೂ ಒಟ್ಟಿಗೇ ಬರೀಬೇಕು ಅಂತಿಲ್ಲ, ಒಂದು ಸಲ ಎರಡು, ಇನ್ನೊಂದು ಸಲ ಮೂರು ಅಂತ ಪಾಸ್ ಮಾಡ್ತಾ ಹೋಗಬಹುದು, ಪಾಸಾಗಿದ್ದು ಹಾಗೇ ಉಳಿಯುತ್ತೆ. ಎಲ್ಲಕ್ಕಿಂತ ಮುಖ್ಯ, ಪರೀಕ್ಷೆ ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರ್-ನವೆಂಬರಲ್ಲಿ ಒಮ್ಮೆ. ಅಕ್ಟೋಬರ್ ಪರೀಕ್ಷೆ ನಮ್ಮ ಕೊಡಗಿಗೆ ಹೇಳಿ ಮಾಡಿಸಿದ ಹಾಗಿದೆ, ಮಳೆಯಲ್ಲಿ ಓದಿ ಕುಯ್ಲು ಜೋರಾಗೋ ಮೊದಲೇ ಬರೆದು ಬರಬಹುದು.

ಇಷ್ಟೆಲ್ಲಾ ಇದ್ರೂ ನಿಮಗೆ ನಾನು ಹೇಳೋದು ರಾಜ್ಯದ ಎಸ್ಸೆಸ್ಸೆಲ್ಸಿಯನ್ನೇ. ಇದು ನನ್ನ ಅಭಿಪ್ರಾಯ, ಕಾರಣ ಕೇಳಿ. ನಿಮ್ಮ ಗುರಿ ರಾಜ್ಯ ಸರ್ಕಾರ ನೇಮಕ ಮಾಡೋ ಗೌರವಧನದ ಹುದ್ದೆ, ಅಲ್ಲಿ ಕನ್ನಡ ಓದಿದ್ದೀರಾ ಅಂತ ನೋಡ್ತಾರೆ, ಇದರಲ್ಲಿ ಕನ್ನಡವನ್ನ ಪ್ರಥಮ ಭಾಷೆಯಾಗಿ ತಗೊಳ್ಳಬಹುದು. ಪುಸ್ತಕ ಕನ್ನಡದಲ್ಲೇ, ಪಕ್ಕದ ಲೈನಿನ ಮಗುವೂ ಅದೇ ಪುಸ್ತಕ ಓದ್ತಿರುತ್ತೆ, ಸಂಶಯ ಬಂದ್ರೆ ಹತ್ತಿರದ ಹೈಸ್ಕೂಲ್ ಮೇಷ್ಟ್ರು ಹೇಳಿಕೊಡ್ತಾರೆ. ಎನ್‌ಐಒಎಸ್‌ಗೆ ಸೇರಿದ್ರೆ ನಮ್ಮ ಕಡೆ ಆ ಪುಸ್ತಕ ಓದಿದವರು ಸಿಗೋದು ಕಷ್ಟ, ಒಂಟಿಯಾಗಿ ಓದ್ಬೇಕು, ಬೇಕಾದ ವಿಷಯ ಕನ್ನಡ ಮಾಧ್ಯಮದಲ್ಲಿ ಸಿಗುತ್ತಾ ಅಂತ ಅರ್ಜಿ ಹಾಕೋ ಮೊದಲೇ ನೋಡ್ಕೋಬೇಕು. ಗಣಿತ, ಹಿಂದಿ ಎರಡೂ ಖಂಡಿತ ಆಗಲ್ಲ ಅಂತ ಮಳೆಗಾಲ ಮುಗಿಯೋ ಹೊತ್ತಿಗೂ ಅನ್ನಿಸಿದ್ರೆ ಆಗ ಎನ್‌ಐಒಎಸ್ ಕಡೆ ತಿರುಗಿ, ಆದ್ರೆ ಸೇರೋ ಮೊದಲು ಅಂಗನವಾಡಿ ನೇಮಕಾತಿಯ ಒಂದು ಹಳೇ ಅಧಿಸೂಚನೆ ತೆಗೆದು ತತ್ಸಮಾನ ವಿದ್ಯಾರ್ಹತೆ ಬಗ್ಗೆ, ಕನ್ನಡದ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿ.

ಕಾಗದಪತ್ರದ ಕೆಲಸ ಓದೋದಕ್ಕಿಂತ ಮೊದಲು ಮಾಡಿ. ಕೊನೆಯದಾಗಿ ಓದಿದ ಶಾಲೆಗೆ ಹೋಗಿ ಟಿ.ಸಿ. ಕೇಳಿ, ಅವರ ದಾಖಲಾತಿ ವಹಿಯಲ್ಲಿ ನಿಮ್ಮ ಹೆಸರು, ಹುಟ್ಟಿದ ತಾರೀಕು, ತಂದೆ ಹೆಸರು ಹೇಗಿದೆ ಅಂತ ಕಣ್ಣಾರೆ ನೋಡಿ ಬರ್ಕೊಳ್ಳಿ. ಕೊಡಗಲ್ಲಿ ಮಕ್ಕಳಿಲ್ಲದೇ ಮುಚ್ಚಿದ ಶಾಲೆ ಬೇಕಾದಷ್ಟು ಉಂಟು, ನಿಮ್ಮದೂ ಮುಚ್ಚಿದ್ರೆ ದಾಖಲೆ ಎಲ್ಲಿಗೆ ಹೋಗಿದೆ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಕೇಳ್ಬೇಕು, ನಿಮ್ಮ ಕಡೆಗೆ ಅದು ವಿರಾಜಪೇಟೆ. ಆಧಾರಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಇನಿಶಿಯಲ್ ಹಿಂದೆ ಮುಂದೆ, ಮದುವೆ ಆದ ಮೇಲೆ ಗಂಡನ ಹೆಸರು ಸೇರಿರೋದು, ಇದನ್ನ ಅರ್ಜಿ ಹಾಕೋ ಮೊದಲೇ ಸರಿ ಮಾಡ್ಸಿ. ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆದ ಮೇಲೆ ತಿದ್ದಿಸೋಕೆ ಓಡಾಡೋ ಕಷ್ಟ ಬೇಡವೇ ಬೇಡ, ಪರೀಕ್ಷೆಗಿಂತ ಅದಕ್ಕೇ ಜಾಸ್ತಿ ಅತ್ತವರನ್ನ ನೋಡಿದ್ದೀನಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮಾಡ್ಸಿಟ್ಕೊಳ್ಳಿ, ಶುಲ್ಕ ರಿಯಾಯಿತಿ ಇದ್ರೆ ಉಪಯೋಗಕ್ಕೆ ಬರುತ್ತೆ, ಮುಂದೆ ಕೆಲಸದ ಅರ್ಜಿಗೂ ಬೇಕೇ ಬೇಕು. ಖಾಸಗಿ ಅಭ್ಯರ್ಥಿಗಳ ಅರ್ಜಿ ಹಿಂದಿನ ವರ್ಷವೇ ಕರೆದು ಮುಗಿಸಿಬಿಡ್ತಾರೆ, ಪರೀಕ್ಷೆ ಮಾರ್ಚಲ್ಲಿ ತಾನೇ ಅಂತ ಜನವರಿಯಲ್ಲಿ ಹೋದ್ರೆ ಬಾಗಿಲು ಹಾಕಿರುತ್ತೆ. ಜೂನಿಂದಲೇ ಹತ್ತಿರದ ಸರ್ಕಾರಿ ಹೈಸ್ಕೂಲ್ ಆಫೀಸಲ್ಲಿ ಆಗಾಗ ವಿಚಾರಿಸ್ತಾ ಇರಿ, ಪೇಪರಲ್ಲೂ ಬರುತ್ತೆ.

ಪರೀಕ್ಷೆ ಹೇಗಿರುತ್ತೆ ಅಂದ್ರೆ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಒಟ್ಟು ಆರು. ಶಾಲೆಗೆ ಹೋಗೋ ಮಕ್ಕಳಿಗೆ ಇಂಟರ್ನಲ್ ಮಾರ್ಕ್ಸ್ ಸಿಗುತ್ತೆ, ನಿಮಗೆ ಅದಿಲ್ಲ, ಹಾಲಲ್ಲಿ ಕೂತು ಬರೆದಿದ್ದೇ ಲೆಕ್ಕ. ಖಾಸಗಿಯವರ ಪ್ರಶ್ನೆಪತ್ರಿಕೆ ಬೇರೆ ಇರೋದ್ರಿಂದ ಹಳೇ ಪತ್ರಿಕೆ ಇಳಿಸ್ಕೊಳ್ಳುವಾಗ ಖಾಸಗಿ ಅಭ್ಯರ್ಥಿಗಳದ್ದೇ ನೋಡಿ ತಗೊಳ್ಳಿ. ಪಾಸಾಗೋಕೆ ಮೊದಲು ಶೇಕಡಾ 35 ಬೇಕಿತ್ತು, 2025ರಲ್ಲಿ ಸರ್ಕಾರ ಅದನ್ನ 33ಕ್ಕೆ ಇಳಿಸಿದೆ, ಅಂದ್ರೆ 625ಕ್ಕೆ 206, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ 30 ಇರ್ಬೇಕು. ಇನ್ನೊಂದು ಸಮಾಧಾನದ ವಿಷಯ, ವರ್ಷಕ್ಕೆ ಒಂದೇ ಪರೀಕ್ಷೆ ಅಂತಿಲ್ಲ, ಪರೀಕ್ಷೆ-1ರಲ್ಲಿ ಹೋದ ವಿಷಯವನ್ನ ಮಾತ್ರ ಅದೇ ವರ್ಷ ಪರೀಕ್ಷೆ-2ರಲ್ಲಿ ಬರೀಬಹುದು. ಹಾಗಾಗಿ ಮಾರ್ಚಲ್ಲಿ ಆರನ್ನೂ ಧೈರ್ಯವಾಗಿ ಬರೀರಿ, ಗಣಿತವೋ ಹಿಂದಿಯೋ ಉಳಿದ್ರೆ ಕುಯ್ಲು ಮುಗಿದ ಮೇಲೆ ಅದೊಂದನ್ನೇ ಕೂತು ಓದಿ ಬರೆದ್ರಾಯ್ತು.

ಇನ್ನು ಲೆಕ್ಕದ ಭಯ. ಇದರ ಬಗ್ಗೆ ನನಗೆ ಹೇಳೋಕೆ ತುಂಬಾ ಉಂಟು.

ನಿಮಗೆ ಭಯ ಇರೋದು 10ನೇ ಕ್ಲಾಸ್ ಲೆಕ್ಕದ್ದಲ್ಲ ತಂಗಿ, 5-6ನೇ ಕ್ಲಾಸಲ್ಲಿ ಎಲ್ಲೋ ತಪ್ಪಿ ಹೋದ ಭಿನ್ನರಾಶಿ, ಮೈನಸ್ ಪ್ಲಸ್ ಚಿಹ್ನೆ, ಮಗ್ಗಿ, ಇಷ್ಟೇ. ದೊಡ್ಡೋರಿಗೆ ಪಾಠ ಹೇಳುವಾಗ ನಾನು 10ನೇ ಕ್ಲಾಸ್ ಪುಸ್ತಕ ತೆಗೆಯೋದೇ ಇಲ್ಲ ಮೊದಮೊದಲು. ನಿಮ್ಮ ಮಗಳ 7ನೇ ಕ್ಲಾಸ್ ಗಣಿತ ಪುಸ್ತಕ ತಗೊಳ್ಳಿ, ಪೂರ್ಣಾಂಕ, ಭಿನ್ನರಾಶಿ, ಸರಳ ಸಮೀಕರಣ ಈ ಮೂರು ಅಧ್ಯಾಯ ಅವಳ ಜೊತೆ ಕೂತು ಮಾಡಿ. ಅವಳಿಗೆ ಗೊತ್ತಿದ್ದನ್ನ ಅವಳು ನಿಮಗೆ ಹೇಳಿಕೊಡ್ಲಿ, ಹೇಳಿಕೊಡೋ ಮಗು ಆ ಪಾಠ ಮರೆಯಲ್ಲ, ಇದರಲ್ಲಿ ನಾಚ್ಕೊಳ್ಳೋದು ಏನೂ ಇಲ್ಲ. ಇದಾದ ಮೇಲೆ 10ನೇದು ಮುಟ್ಟಿದ್ರೆ ಅರ್ಧಕ್ಕರ್ಧ ಅರ್ಥ ಆಗುತ್ತೆ.

ಮತ್ತೆ ಎಲ್ಲಾ ಅಧ್ಯಾಯ ಒಂದೇ ಸಮ ಓದ್ಬೇಡಿ. ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ಸಂಭವನೀಯತೆ, ಎರಡು ಚರಾಕ್ಷರದ ಸಮೀಕರಣ, ನಿರ್ದೇಶಾಂಕ ರೇಖಾಗಣಿತ, ಇವು ಮೊದಲು. ತ್ರಿಕೋನಮಿತಿ, ಪ್ರಮೇಯದ ಸಾಧನೆ ಆಮೇಲೆ. ಸಮಾಂತರ ಶ್ರೇಢಿ ಅಂದ್ರೆ ಎಂತ ಅಂತ ಹೆದರ್ಬೇಡಿ. ನಿಮ್ಮ ಸಂಘದಲ್ಲಿ ಮೊದಲ ತಿಂಗಳು 100 ರೂಪಾಯಿ ಕಟ್ಟಿ, ಆಮೇಲೆ ತಿಂಗಳು ತಿಂಗಳು 20 ರೂಪಾಯಿ ಜಾಸ್ತಿ ಮಾಡ್ತಾ ಹೋದ್ರಿ ಅಂತಿಟ್ಕೊಳ್ಳಿ. 100, 120, 140 ಹೀಗೆ. 12ನೇ ತಿಂಗಳು ಎಷ್ಟು ಕಟ್ಟಬೇಕು? 100ಕ್ಕೆ 11 ಸಲ 20 ಸೇರಿಸಿದ್ರೆ 320. ವರ್ಷಕ್ಕೆ ಒಟ್ಟು ಎಷ್ಟು? ಮೊದಲನೇದು ಕೊನೇದು ಕೂಡಿದ್ರೆ 420, ಎರಡನೇದು ಕೊನೆಯಿಂದ ಎರಡನೇದು ಕೂಡಿದ್ರೂ 420, ಅಂಥ ಜೋಡಿ ಆರು, ಆರು ಸಲ 420 ಅಂದ್ರೆ 2520. ಪುಸ್ತಕದ ಎರಡು ಸೂತ್ರವೂ ಇಷ್ಟೇ, ಅಕ್ಷರದಲ್ಲಿ ಬರೆದಿದ್ದಾರೆ. ಸಂಖ್ಯಾಶಾಸ್ತ್ರಕ್ಕೆ ತೋಟದ ಮಳೆ ಲೆಕ್ಕವೇ ಸಾಕು. ಒಂದು ವಾರ ದಿನಾ 1, 2, 2, 3, 4, 2, 7 ಇಂಚು ಬಂತು ಅಂತಿಟ್ಕೊಳ್ಳಿ, ಒಟ್ಟು 21, ಏಳು ದಿನಕ್ಕೆ ಸರಾಸರಿ 3. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿಟ್ಟು ನಡುವಿನದು ನೋಡಿದ್ರೆ ಮಧ್ಯಾಂಕ 2. ಹೆಚ್ಚು ಸಲ ಬಂದದ್ದು 2, ಅದೇ ಬಹುಲಕ. ಒಂದೇ ದಿನದ 7 ಇಂಚು ಸರಾಸರಿಯನ್ನ ಹೇಗೆ ಮೇಲಕ್ಕೆ ಎಳೀತು ನೋಡಿ. 10ನೇ ಕ್ಲಾಸಲ್ಲಿ ಇದನ್ನೇ ವರ್ಗಾಂತರ ಹಾಕಿ ಟೇಬಲ್ ಮಾಡಿ ಕೇಳ್ತಾರೆ.

ವಿಜ್ಞಾನವೂ ನಿಮಗೆ ಪೂರ್ತಿ ಹೊಸದಲ್ಲ. ಮಳೆಗೆ ಮೊದಲು ಮೆಣಸಿನ ಬಳ್ಳಿಗೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೀತೀರಲ್ಲ, ಒಂದು ಕೆ.ಜಿ. ಮೈಲುತುತ್ತು (ಅಂದ್ರೆ ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ದ್ರಾವಣ ಸರಿಯಾಗಿದ್ಯಾ ಅಂತ ನೋಡೋಕೆ ಕಬ್ಬಿಣದ ಕತ್ತಿ ಅದ್ದಿ ತೆಗೀತಾರೆ, ಕತ್ತಿ ಮೇಲೆ ಕೆಂಪಗೆ ಕೂತ್ರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಅದು ತಾಮ್ರವನ್ನ ದ್ರಾವಣದಿಂದ ಆಚೆ ತಳ್ಳಿ ತಾನು ಒಳಗೆ ಹೋಗುತ್ತೆ. 10ನೇ ಕ್ಲಾಸ್ ಪುಸ್ತಕದಲ್ಲಿ ಕತ್ತಿ ಬದಲು ಕಬ್ಬಿಣದ ಮೊಳೆ ಹಾಕಿ ಇದೇ ಪ್ರಯೋಗ ತೋರಿಸಿ ಸ್ಥಾನಪಲ್ಲಟ ಕ್ರಿಯೆ ಅಂತ ಹೆಸರು ಕೊಟ್ಟಿದ್ದಾರೆ. ತೋಟಕ್ಕೆ ಸುಣ್ಣ ಹಾಕೋದು ಮಣ್ಣಿನ ಹುಳಿ ಕಡಿಮೆ ಮಾಡೋಕೆ, ಅದು ಆಮ್ಲ ಪ್ರತ್ಯಾಮ್ಲ ಪಾಠ. ಇದರ ಜೊತೆ ಚಿತ್ರಗಳನ್ನ ಕೈ ಕೂರೋ ತನಕ ಬಿಡಿಸಿ, ಹೃದಯದ ನೀಳ ಸೀಳಿಕೆ, ಹೂವಿನ ಸೀಳುನೋಟ, ಕಣ್ಣು, ವಿದ್ಯುತ್ ಮಂಡಲ. ಚಿತ್ರ ಮಾತಿಗಿಂತ ಬೇಗ ಮಾರ್ಕ್ಸ್ ಕೊಡುತ್ತೆ. ಸಮಾಜಕ್ಕೆ ಹಾಗೇ ಭಾರತದ ನಕ್ಷೆ.

ಹಿಂದಿಗೆ ಅಕ್ಷರ ಮೊದಲು ಗಟ್ಟಿ ಮಾಡ್ಕೊಳ್ಳಿ, ದಿನಾ ಅರ್ಧ ಪುಟ ಕಾಪಿ. ಆಮೇಲೆ ಒಂದು ರಜಾ ಅರ್ಜಿ, ಒಂದು ಪತ್ರ, ಎರಡು ಸಣ್ಣ ಪ್ರಬಂಧ, ವಿರುದ್ಧ ಪದ, ಲಿಂಗ, ವಚನ, ಪಾಠದ ಕೊನೆಯ ಸಣ್ಣ ಪ್ರಶ್ನೆಗಳು. ಇಂಗ್ಲಿಷಿಗೂ ಇದೇ ದಾರಿ. ಪಾಸಾಗೋಕೆ ಇಷ್ಟು ಸಾಕು. ಕನ್ನಡವನ್ನ ಮಾತ್ರ ಹಗುರ ಮಾಡ್ಬೇಡಿ, ಮನೆ ಮಾತು ಯಾವುದೇ ಇರ್ಲಿ, 206 ಮುಟ್ಟೋಕೆ ನಿಮ್ಮನ್ನ ಮೇಲೆತ್ತೋದು ಕನ್ನಡದ ಮಾರ್ಕ್ಸೇ. ಹಳಗನ್ನಡ ಪದ್ಯದ ಭಾವಾರ್ಥ, ವ್ಯಾಕರಣದ ಸಂಧಿ ಸಮಾಸ, ಗಾದೆ ವಿಸ್ತರಣೆ ಇವನ್ನ ಬಿಡದೇ ಮಾಡಿ.

ಯಾರೂ ಮೊದಲೇ ಹೇಳದ ಒಂದು ತೊಂದರೆ ಉಂಟು, ಕೈ. 15-20 ವರ್ಷ ಪೆನ್ ಹಿಡೀದ ಕೈಗೆ ಮೂರು ಗಂಟೆ ಬರೆಯೋಕಾಗಲ್ಲ, ಉತ್ತರ ಗೊತ್ತಿದ್ರೂ ಅರ್ಧಕ್ಕೇ ಬೆರಳು ನೋವು ಬಂದು ನಿಲ್ಲಿಸ್ತಾರೆ, ಒತ್ತಕ್ಷರ ತಪ್ಪೋಕೆ ಶುರುವಾಗುತ್ತೆ. ಮೊದಲ ದಿನದಿಂದಲೇ ಓದಿದ್ದನ್ನ ಪುಸ್ತಕ ಮುಚ್ಚಿ ಬರೆಯೋ ಅಭ್ಯಾಸ ಇಟ್ಕೊಳ್ಳಿ, ಹತ್ತು ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ ಜಾಸ್ತಿ ಮಾಡಿ, ಅಕ್ಟೋಬರಲ್ಲಿ ಒಂದಾದ್ರೂ ಪೂರ್ತಿ ಪತ್ರಿಕೆ ಟೈಮ್ ಇಟ್ಟು ಕೂತು ಬರೀರಿ. ಸಣ್ಣ ಅಕ್ಷರ ಮಸುಕು ಕಂಡ್ರೆ ಕಣ್ಣು ತೋರಿಸಿ, ತಲೆನೋವು ಬರುತ್ತೆ ಓದೋಕಾಗಲ್ಲ ಅಂತ ಬಿಟ್ಟವರಲ್ಲಿ ಕೆಲವರಿಗೆ ಬೇಕಾಗಿದ್ದು ಕನ್ನಡಕ ಅಷ್ಟೇ.

ಟೈಮ್ ರಾತ್ರಿ ಮಾತ್ರ ಅಂದ್ರಿ. ಕೆಲಸ ಮಾಡಿ ಬಂದು, ಅಡುಗೆ ಮಾಡಿ, ಎಲ್ಲಾ ಮುಗಿಸಿ ಹತ್ತು ಗಂಟೆಗೆ ಕೂತ್ರೆ ತಲೆಗೆ ಹೋಗಲ್ಲ, ಬೇಗ ಮಲಗಿ ಬೆಳಿಗ್ಗೆ ಒಂದು ಗಂಟೆ ಮುಂಚೆ ಎದ್ದೇಳಿ, ಹೊಸ ಪಾಠ ಆಗ. ರಾತ್ರಿ ಮಕ್ಕಳು ಹೋಂವರ್ಕ್ ಮಾಡುವಾಗ ನೀವೂ ಅಲ್ಲೇ ಕೂತು ಬರೆಯೋದು. ಹಗಲು ತೋಟದಲ್ಲಿ ಕೈಗೆ ಕೆಲಸ ಇದ್ರೂ ಬಾಯಿ ಖಾಲಿ ಇರುತ್ತಲ್ಲ, ಕಳೆ ತೆಗೆಯುವಾಗ, ಹಣ್ಣು ಕುಯ್ಯುವಾಗ ಬೆಳಿಗ್ಗೆ ಓದಿದ್ದನ್ನ ಪಕ್ಕದವರಿಗೆ ಹೇಳ್ತಾ ಹೋಗಿ, ಎಲ್ಲಿ ತಡವರಿಸ್ತೀರೋ ಅದನ್ನ ಸಂಜೆ ಮತ್ತೆ ತೆಗೆದು ನೋಡಿ. ನಿಮ್ಮ ಲೈನಲ್ಲೇ ಅರ್ಧಕ್ಕೆ ಬಿಟ್ಟವರು ಇನ್ನೊಬ್ರು ಸಿಕ್ಕೇ ಸಿಗ್ತಾರೆ, ಕೇಳಿ ನೋಡಿ. ಇಬ್ರು ಸೇರಿದ್ರೆ ಓದು ನಿಲ್ಲಲ್ಲ, ಅರ್ಜಿ ಹಾಕೋಕೆ ಹೋಗೋಕೂ, ಪರೀಕ್ಷೆ ದಿನ ಬಸ್ಸಿಗೂ ಜೊತೆ ಆಗುತ್ತೆ.

ಮನೆಯವರ ಮಾತಿಗೆ ಜಗಳ ಆಡ್ಬೇಡಿ. ಅವರಿಗೆ ಲೆಕ್ಕ ಹಾಕಿ ತೋರಿಸಿ, ಪುಸ್ತಕಕ್ಕೆ ಖರ್ಚಿಲ್ಲ, ಕುಯ್ಲು ತಪ್ಪಲ್ಲ, ಪರೀಕ್ಷೆ ಇರೋ ಆರು ದಿನದ ಕೂಲಿ ಮಾತ್ರ ಹೋಗುತ್ತೆ, ಆ ಆರು ದಿನ ಮಕ್ಕಳನ್ನ ನೀವು ನೋಡ್ಕೊಳ್ಳಿ ಅಂತ ಈಗಲೇ ಹೇಳಿಟ್ಟಿರಿ. ಹಾಜರಿ ಬರೆಯೋ ತೋಟದ ರೈಟ್ರಿಗೂ ಮೊದಲೇ ತಿಳಿಸಿ. ಪರೀಕ್ಷೆ ಕೇಂದ್ರ ಸಾಮಾನ್ಯವಾಗಿ ಪೇಟೆ ಕಡೆ ಇರುತ್ತೆ, ಬೆಳಗಿನ ಮೊದಲ ಬಸ್ ತಪ್ಪಿದ್ರೆ ಕಷ್ಟ, ಹಿಂದಿನ ದಿನವೇ ಹೋಗಿ ಜಾಗ ನೋಡ್ಕೊಂಡು ಬನ್ನಿ. ಹಾಲಲ್ಲಿ ಪ್ರಶ್ನೆಪತ್ರಿಕೆ ಓದೋಕೆ ಅಂತಲೇ 15 ನಿಮಿಷ ಕೊಡ್ತಾರೆ, ಆಗ ಪೂರ್ತಿ ಓದಿ ಗೊತ್ತಿರೋದಕ್ಕೆ ಗುರುತು ಹಾಕಿ, ಅದನ್ನೇ ಮೊದಲು ಬರೀರಿ, ಒಂದು ಅಂಕದ ಪ್ರಶ್ನೆ ಒಂದನ್ನೂ ಖಾಲಿ ಬಿಡ್ಬೇಡಿ.

ಈ ವಾರ ಶಾಲೆಗೆ ಹೋಗಿ ಟಿ.ಸಿ. ಕೆಲಸ ಮುಗಿಸಿ. ಅಲ್ಲಿ ಹುಟ್ಟಿದ ತಾರೀಕು ಆಧಾರ್‌ಗೆ ಹೊಂದದೇ ಇದ್ರೆ ಯಾವುದರಲ್ಲಿ ಏನಿದೆ ಅಂತ ಸರಿಯಾಗಿ ಬರೆದು ನನಗೆ ತಿಳಿಸಿ, ಯಾವುದನ್ನ ತಿದ್ದಿಸ್ಬೇಕು ಅಂತ ನೋಡಿ ಹೇಳ್ತೀನಿ. ಪಿಯುಸಿಯನ್ನೂ ಹೀಗೇ ಖಾಸಗಿಯಾಗಿ ಕಟ್ಟಬಹುದು, ಅದರ ಮಾತು ನಿಮ್ಮ ರಿಸಲ್ಟ್ ಬಂದ ಮೇಲೆ ಆಡೋಣ.